ಹುತಾತ್ಮಾ ಎಕ್ಸ್‌ಪ್ರೆಸ್ಸೂ, ಹನ್ನೆರಡು ಪುಟಾಣಿ ಕೀಶೂ

ಬ್ರಂಚ್ ಅನ್ನೋ ಪದ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನಲ್ಲಿ. ಗೈ ಬೆರಿಂಜರ್ ಅನ್ನುವ ಮಹಾಶಯನೊಬ್ಬ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದು, ಭಾನುವಾರ ಬೆಳಗಿನ ತಿಂಡಿಯನ್ನೂ ಮಧ್ಯಾಹ್ನದ ಭಾರೀ ಊಟವನ್ನೂ ಸೇರಿಸಿ ಒಂದೇ ಮಾಡಿಬಿಡಿ, ಶನಿವಾರ ರಾತ್ರಿ ತಡವಾಗಿ ಮಲಗಿದವರಿಗೆ ಬೇಗ ಏಳುವ ಕಷ್ಟ ತಪ್ಪುತ್ತದೆ ಎಂದು ವಾದಿಸಿದ. ಪಾಪ, ಅವನಿಗೆ ನಮ್ಮ ಕಡೆಯ ನ್ಯಾರಿ ಗೊತ್ತಿರಲಿಲ್ಲ. ಧಾರವಾಡದ ಕಡೆ ಹೊಲಕ್ಕೆ ಹೋದವರಿಗೆ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೊತ್ತುಕೊಂಡು ಹೋಗುತ್ತಿದ್ದರಲ್ಲ, ಅದು ಬ್ರಂಚ್ ಅಲ್ಲದೆ ಮತ್ತೇನು? ಇಲ್ಲಿ ಪುಣೆಯ ಮರಾಠಿ ಮಂದಿ ಅದನ್ನೇ ನ್ಯಾಹಾರಿ ಅಂತಾರೆ. ಪದವೂ ಅದೇ, ರೊಟ್ಟಿಯೂ ಅದೇ.

ಈಗಿನ ಪುಣೆಯಲ್ಲಿ ಭಾನುವಾರದ ಹನ್ನೊಂದು ಗಂಟೆ ಅಂದರೆ ಒಂದು ಹಬ್ಬ. ಡೆಕ್ಕನ್‌ನ ಗುಡ್‌ಲಕ್‌ನಲ್ಲಿ ಬನ್-ಮಸ್ಕಾಕ್ಕೆ ಪಾಳಿ, ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಮ್ಮ ಕರಾವಳಿಯ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿಯ ಮುಂದೆ ದೋಸೆಗೆ ಪಾಳಿ, ಮಿಸಳ್ ಸಿಗುವಲ್ಲೆಲ್ಲ ಪಾಳಿ. ಬ್ಯಾಂಕಿನಲ್ಲಿ ವಾರವಿಡೀ ಪಾಳಿ ನೋಡುವ ನನಗೆ ಭಾನುವಾರವೂ ಪಾಳಿಯಲ್ಲಿ ನಿಲ್ಲಲು ಮನಸ್ಸಾಗುವುದಿಲ್ಲ. ಹಾಗಾಗಿ ನಮ್ಮ ಬ್ರಂಚ್ ಮನೆಯಲ್ಲೇ. ಅದು ಶುರುವಾದದ್ದು ಮಾತ್ರ ಶೋಕಿಗಲ್ಲ, ರೈಲಿನ ವೇಳಾಪಟ್ಟಿಯಿಂದ.

2016ರಲ್ಲಿ ನನ್ನ ಹೆಂಡತಿಗೆ ಪ್ರಮೋಶನ್ ಬಂತು. ಅವಳದೂ ಬ್ಯಾಂಕೇ, ನನ್ನದಲ್ಲ, ಬೇರೆಯದು. ಇಪ್ಪತ್ತೊಂದು ವರ್ಷ ಕ್ಲಾರ್ಕ್ ಆಗಿದ್ದವಳು ಪರೀಕ್ಷೆ ಬರೆದು ಆಫೀಸರ್ ಆದಳು. ಆದ ಕೂಡಲೇ ಬದಲಿ, ಸೊಲ್ಲಾಪುರಕ್ಕೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಸಿಕ್ಕಿತ್ತಷ್ಟೆ. ಆ ವಾರಗಳಲ್ಲಿ ಶುಕ್ರವಾರ ರಾತ್ರಿಯೇ ಬರುತ್ತಿದ್ದಳು. ಮಿಕ್ಕ ವಾರಗಳಲ್ಲಿ ಭಾನುವಾರ ಬೆಳಿಗ್ಗೆ ಸೊಲ್ಲಾಪುರದಿಂದ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ಹತ್ತೂವರೆ ಹೊತ್ತಿಗೆ ಪುಣೆ. ಅದೇ ಸಂಜೆ ಆರಕ್ಕೆ ಅದೇ ಗಾಡಿಯಲ್ಲಿ ವಾಪಸ್. (ಈ ಗಾಡಿಯ ಹೆಸರಿನ ಬಗ್ಗೆ ಒಂದು ಮಾತು. 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಸೊಲ್ಲಾಪುರದ ನಾಲ್ವರನ್ನು ಬ್ರಿಟಿಷರು ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂಧೆ. ಆ ಹುತಾತ್ಮರ ಹೆಸರೇ ಗಾಡಿಗೆ. ದಿನಾ ಓಡಾಡುವವರಲ್ಲಿ ಎಷ್ಟು ಜನ ಇದನ್ನು ನೆನೆಯುತ್ತಾರೋ.)

ಅಂದರೆ ಮನೆಮಂದಿ ಎಲ್ಲಾ ಕೂತು ಉಣ್ಣಲು ಸಿಗುತ್ತಿದ್ದದ್ದು ವಾರಕ್ಕೆ ಒಂದೇ ಒಂದು ಹೊತ್ತು. ಸ್ಟೇಷನ್ನಿನಿಂದ ಅವಳು ಮನೆ ಮುಟ್ಟುವಾಗ ಹನ್ನೊಂದೂಕಾಲು. ಹಿಂಜವಡಿಯಲ್ಲಿ ಶಿಫ್ಟ್ ಮಾಡಿ ಬೆಳಗಿನ ಜಾವ ಮಲಗಿದ ಮಗ ಏಳುತ್ತಿದ್ದದ್ದೂ ಆಗಲೇ. ಅವ್ವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ಲೋಟ ಹಾಲು ಕುಡಿದು, ‘ಸೊಸಿ ಬರ್ಲಿ, ಕೂಡೇ ಉಣ್ಣೂನು’ ಅಂತ ಕೂತಿರುತ್ತಿದ್ದಳು. ತಿಂಡಿ ಅಂದರೆ ತಡ, ಊಟ ಅಂದರೆ ಬೇಗ. ಬೆರಿಂಜರ್ ಸಾಹೇಬ ಹೇಳಿದ ಹೊತ್ತು ಸರಿಯಾಗಿ ಅದೇ!

ಸಮಸ್ಯೆ ಇದ್ದದ್ದು ಏನು ಮಾಡುವುದು ಅನ್ನುವುದರಲ್ಲಿ. ನಾಲ್ಕು ಜನರಿಗೆ ನಾಲ್ಕು ನಾಲಿಗೆ. ಅವ್ವ ತತ್ತಿ ಮುಟ್ಟುವವಳಲ್ಲ (ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತೇವೆ). ಮಗ ತತ್ತಿ ಇಲ್ಲದಿದ್ದರೆ ಅದು ತಿಂಡಿಯೇ ಅಲ್ಲ ಅನ್ನುವವನು. ಇವಳು ಕೇಕಿನಲ್ಲಿ ತಿನ್ನುತ್ತಾಳೆ, ಆಮ್ಲೆಟ್ಟಿನ ವಾಸನೆಗೆ ಎದ್ದು ಹೋಗುತ್ತಾಳೆ. ನಾನು ಬ್ಯಾಂಕ್ ನೌಕರ, ಎದುರಿಗೆ ಬಂದದ್ದನ್ನು ಪಾಸ್ ಮಾಡುವವನು.

ಅಂಥದ್ದರಲ್ಲಿ ಒಂದು ಶನಿವಾರ ಮಗ ಕೋರೆಗಾಂವ್ ಪಾರ್ಕಿನ ಯಾವುದೋ ಕೆಫೆಯಿಂದ ಒಂದು ಡಬ್ಬಿ ತಂದ. ಒಳಗೆ ನಾಲ್ಕು ಪುಟ್ಟ ಬಟ್ಟಲುಗಳು, ಅಂಗೈಯಲ್ಲಿ ಕೂರುವಷ್ಟು. ಹೊರಗೆ ಬಿಸ್ಕತ್ತಿನಂಥ ಗೋಡೆ, ಒಳಗೆ ಹಳದಿ ಮೆತ್ತಗಿನ ತುಂಬು, ನಡುನಡುವೆ ಪಾಲಕ್. ‘ಪಪ್ಪಾ, ಇದು ಕೀಶ್’ ಅಂದ. ಬರೆಯುವುದು ಕ್ಯು ಅಕ್ಷರದಿಂದ, ಓದುವುದು ಕೀಶ್. ಬಿಲ್ಲು ನೋಡಿದೆ, ನಾಲ್ಕಕ್ಕೆ 320 ರೂಪಾಯಿ. ಬಿ.ಕಾಂ. ಓದಿದವನಿಗೆ ಅಂಥಾ ಬಿಲ್ಲು ಕಂಡರೆ ಸುಮ್ಮನೆ ಇರಲಿಕ್ಕಾಗುತ್ತದೆಯೇ? ಒಂದನ್ನು ಚಾಕುವಿನಲ್ಲಿ ಅಡ್ಡ ಕೊಯ್ದು, ಆಡಿಟ್ ಮಾಡಿದ ಹಾಗೆ ಪದರ ಪದರ ನೋಡಿದೆ. ಮೈದಾ, ಬೆಣ್ಣೆ, ಮೊಟ್ಟೆ, ಹಾಲು, ಕ್ರೀಮ್, ಚೀಸ್, ಪಾಲಕ್. ಇಷ್ಟೇ.

ಅವ್ವ ದೂರದಿಂದಲೇ ಬಗ್ಗಿ ನೋಡಿ ಕೇಳಿದಳು: ‘ಏನೋ ಅದು, ಗಿಣ್ಣದಂಗ ಐತಲ್ಲ?’

ಕೀಶ್ ಎಂದರೇನು ಎಂದು ಕನ್ನಡಿಗರಿಗೆ ಹೇಳಲು ಇದಕ್ಕಿಂತ ಒಳ್ಳೆ ಮಾತು ನನಗೆ ಈವರೆಗೂ ಸಿಕ್ಕಿಲ್ಲ. ಎಮ್ಮೆಯೋ ಆಕಳೋ ಈದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಗಟ್ಟಿಯಾಗುತ್ತದಲ್ಲ, ಹೆಪ್ಪು ಬೇಡ, ಹಿಟ್ಟು ಬೇಡ. ಆ ಹಾಲಿನಲ್ಲಿ ಪ್ರೋಟೀನು ವಿಪರೀತ, ಬಿಸಿ ತಾಗಿದರೆ ಅದು ಬಲೆ ಹೆಣೆದ ಹಾಗೆ ಹೆಣೆದುಕೊಂಡು ನೀರನ್ನು ಒಳಗೇ ಹಿಡಿದುಕೊಳ್ಳುತ್ತದೆ. ಮೊಟ್ಟೆ ಮಾಡುವುದೂ ಅದನ್ನೇ. ಮಾಮೂಲು ಹಾಲಿಗೆ ಮೊಟ್ಟೆ ಬೆರೆಸಿ ಹದವಾಗಿ ಬಿಸಿ ಮಾಡಿದರೆ ಗಿಣ್ಣ. ಸಕ್ಕರೆ ಹಾಕಿದರೆ ಪುಡ್ಡಿಂಗು, ಉಪ್ಪು-ಮೆಣಸು ಹಾಕಿ ಮೈದಾ ಬಟ್ಟಲಿನಲ್ಲಿ ಬೇಯಿಸಿದರೆ ಕೀಶು.

ಅವ್ವನಿಗೆ ಇಷ್ಟನ್ನೂ ವಿವರಿಸಿದೆ. ಪೂರ್ತಿ ಕೇಳಿ, ‘ಹಂಗಾದ್ರ ತತ್ತಿ ಯಾಕ? ಗಿಣ್ಣದ ಹಾಲ ಹಾಕು’ ಅಂದಳು. ತರ್ಕ ಸರಿಯಾಗಿಯೇ ಇತ್ತು! ಮುಂದೆ ಒಮ್ಮೆ ನಮ್ಮ ಹಾಲಿನವನು ಅಂಥ ಹಾಲು ತಂದುಕೊಟ್ಟಾಗ (ಇಲ್ಲಿ ಅದರ ಗಿಣ್ಣಕ್ಕೆ ಖರ್ವಸ ಅಂತಾರೆ) ಉಪ್ಪು, ಕಾಳುಮೆಣಸು ಹಾಕಿ ಮಾಡಿಯೂ ನೋಡಿದೆ. ಚೆಂದ ಗಟ್ಟಿಯಾಯಿತು, ರುಚಿಯೂ ಇತ್ತು. ಅವ್ವ ಒಂದು ತಿಂದು, ‘ಗಿಣ್ಣಕ್ಕ ಉಪ್ಪ ಹಾಕಿದಾಂವ ನಮ್ಮ ವಂಶದಾಗ ನೀನ ಮೊದಲಿನವ’ ಅಂದಳು. ಹೊಗಳಿದಳೋ ಬೈದಳೋ ಇವತ್ತಿಗೂ ತಿಳಿದಿಲ್ಲ. ಆದರೆ ಎಮ್ಮೆ ನಮ್ಮ ಭಾನುವಾರ ನೋಡಿ ಈಯುವುದಿಲ್ಲವಲ್ಲ, ಅದಕ್ಕೇ ಬೇರೆ ದಾರಿ ಹುಡುಕಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಕೀಶಿನ ತವರು ಲೊರೇನ್, ಫ್ರಾನ್ಸಿನ ಈಶಾನ್ಯ ಮೂಲೆ, ಜರ್ಮನಿಯ ಗಡಿ. 1871ರ ಯುದ್ಧದಲ್ಲಿ ಆ ಪ್ರಾಂತದ ಒಂದು ಭಾಗ ಜರ್ಮನಿಗೆ ಹೋಯಿತು, ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಮರಳಿತು, ಎರಡನೆಯದರಲ್ಲಿ ಮತ್ತೆ ಆಚೆ, ಮತ್ತೆ ಈಚೆ. ಕೀಶ್ ಅನ್ನುವ ಹೆಸರೂ ಕೇಕಿಗೆ ಜರ್ಮನ್ನರು ಹೇಳುವ ಕೂಖನ್ ಎಂಬ ಪದದಿಂದ ಬಂದದ್ದಂತೆ. ಫ್ರೆಂಚರು ತಮ್ಮದೆಂದು ಹೆಮ್ಮೆಪಡುವ ತಿಂಡಿಗೆ ಜರ್ಮನ್ ಹೆಸರು! ಗಡಿಯ ಊರವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸೊಲ್ಲಾಪುರವನ್ನೇ ನೋಡಿ. ಜಿಲ್ಲೆ ಮಹಾರಾಷ್ಟ್ರದ್ದು, ಅಕ್ಕಲಕೋಟೆ ಕಡೆಯಿಂದ ಬರುವ ಗಿರಾಕಿ ಕೌಂಟರಿನಲ್ಲಿ ನಿಂತು ಕನ್ನಡದಲ್ಲೇ ‘ಅಕ್ಕಾರ, ಪಾಸ್‌ಬುಕ್ ತುಂಬಿ ಕೊಡ್ರಿ’ ಅನ್ನುತ್ತಾನೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ, ಜತ್ತ ಎಲ್ಲ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟಿತು, ವರದಿ ಕಪಾಟಿನಲ್ಲೇ ಉಳಿಯಿತು. ಇವಳು ಅನ್ನುತ್ತಿದ್ದಳು, ‘ಪುಣೆಯಲ್ಲಿ ಇಪ್ಪತ್ತು ವರ್ಷದಲ್ಲಿ ಕೌಂಟರಿನಲ್ಲಿ ಆಡದಷ್ಟು ಕನ್ನಡ ಸೊಲ್ಲಾಪುರದಲ್ಲಿ ಮೂರು ತಿಂಗಳಲ್ಲಿ ಆಡಿದೆ ನೋಡ್ರಿ.’ ಬರುವಾಗ ಅಲ್ಲಿಂದ ಕಡಕ್ ಭಾಕರಿಯ ಕಟ್ಟು ಮತ್ತು ಶೇಂಗಾ ಚಟ್ನಿ ತರುತ್ತಿದ್ದಳು. ಮರಾಠಿಯಲ್ಲಿ ಕಡಕ್ ಭಾಕರಿ, ನಮ್ಮಲ್ಲಿ ಖಡಕ್ ರೊಟ್ಟಿ, ಮುರಿದರೆ ಬರುವ ಸದ್ದು ಒಂದೇ. ಆ ಚಟ್ನಿ ನಮ್ಮ ಕೀಶಿನಲ್ಲಿ ದೊಡ್ಡ ಕೆಲಸ ಮಾಡಿತು. ತಾಳಿ, ಬರುತ್ತೇನೆ ಅದಕ್ಕೆ.

ಈಗ ಮೊಟ್ಟೆಯ ವಿಷಯ. ಪುಣೆಯನ್ನು ವಿದ್ಯಾನಗರಿ, ಪೆನ್ಶನರರ ಸ್ವರ್ಗ ಅಂತೆಲ್ಲ ಹೇಳುತ್ತಾರೆ, ಮೊಟ್ಟೆಯ ರಾಜಧಾನಿ ಎಂದು ಯಾರೂ ಹೇಳುವುದಿಲ್ಲ. ವೆಂಕಟೇಶ್ವರ ಹ್ಯಾಚರೀಸ್ ಕಟ್ಟಿದ ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ 1982ರಲ್ಲಿ ಕೋಳಿ ಸಾಕುವ ರೈತರು ಕೂಡಿ ಮಾಡಿಕೊಂಡ ಎನ್‌ಇಸಿಸಿ ಎಂಬ ಸಂಘದ ಕೇಂದ್ರ ಕಚೇರಿ ಇರುವುದು ಈ ಊರಿನಲ್ಲೇ. ಅದಕ್ಕೂ ಮೊದಲು ದಲ್ಲಾಳಿ ಹೇಳಿದ್ದೇ ದರ. ಈಗ ಊರೂರಿಗೆ ನೂರು ಮೊಟ್ಟೆಗೆ ಇಷ್ಟು ಅಂತ ಸಂಘವೇ ದರ ಸೂಚಿಸುತ್ತದೆ. ಭಾನುವಾರವಾಗಲಿ ಸೋಮವಾರವಾಗಲಿ ಮೊಟ್ಟೆ ತಿನ್ನಿ ಅನ್ನುವ ಆ ಟಿವಿ ಜಾಹೀರಾತು ನೆನಪಿದೆಯಲ್ಲ, ಅದೂ ಇವರದೇ.

ರಾಜಧಾನಿಯಲ್ಲಿದ್ದರೂ ನಮ್ಮನೆಯಲ್ಲಿ ಮೊಟ್ಟೆಯ ಸ್ಥಾನ ಗ್ಯಾಲರಿಯಲ್ಲಿ. ಮಗ ಚಿಕ್ಕವನಿದ್ದಾಗ ಡಾಕ್ಟರು ಕೊಡಿ ಅಂದರು. ಅಡುಗೆಮನೆಗೆ ತರುವ ಹಾಗಿಲ್ಲ. ಗ್ಯಾಲರಿಯಲ್ಲಿ ಒಂದು ಸಣ್ಣ ಸ್ಟೋವು, ಒಂದು ಬಾಣಲೆ, ಒಂದು ಸೌಟು, ಎರಡು ಪ್ಲೇಟು, ಎಲ್ಲಾ ಪ್ರತ್ಯೇಕ. ನಮ್ಮ ಕಟ್ಟಡದಲ್ಲಿ ಇಂಥ ಗ್ಯಾಲರಿ ಇನ್ನೂ ನಾಲ್ಕಾರು ಇದ್ದವು, ಭಾನುವಾರ ಬೆಳಿಗ್ಗೆ ಮೂಗಿಗೆ ಗೊತ್ತಾಗುತ್ತಿತ್ತು. ಅವ್ವ ನಮ್ಮ ಜೊತೆ ಇರಲು ಬಂದದ್ದು ಅಪ್ಪ ಹೋದ ಮೇಲೆ, 2009ರಲ್ಲಿ. ಗ್ಯಾಲರಿಯ ಸ್ಟೋವು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಒಂದು ದಿನವೂ ಕೇಳಲಿಲ್ಲ, ಆ ಬಾಗಿಲು ದಾಟಿ ಬಟ್ಟೆ ಒಣಗಿಸಲೂ ಹೋಗಲಿಲ್ಲ. ಒಂದು ಗೆರೆ ಇತ್ತು, ಎರಡೂ ಕಡೆಯವರು ಮರ್ಯಾದೆಯಿಂದ ಇದ್ದೆವು.

ಕೀಶ್ ಆ ಗೆರೆಯನ್ನು ಕೆದಕಿತು. ಗ್ಯಾಲರಿಯ ಸ್ಟೋವಿನಲ್ಲಿ ಅದು ಆಗುವುದಲ್ಲ, ಓವನ್ ಬೇಕು. ನಮ್ಮಲ್ಲಿದ್ದದ್ದು ಒಂದೇ ಓಟಿಜಿ, ಅಡುಗೆಮನೆಯ ಕಟ್ಟೆಯ ಮೇಲೆ. ಅದರಲ್ಲಿ ಅವ್ವನಿಗಾಗಿ ನಾನ್‌ಖಟಾಯಿ ಮಾಡುತ್ತಿದ್ದೆವು. ಅದೇ ಪೆಟ್ಟಿಗೆಯೊಳಗೆ ಮೊಟ್ಟೆ ಇಡುವುದೇ? ಮಗ ‘ಆಜಿಗೆ ಹೇಳೋದೇ ಬೇಡ’ ಅಂದ (ಮರಾಠಿ ಹುಡುಗರ ಜೊತೆ ಬೆಳೆದು ಅಜ್ಜಿ ಅವನಿಗೆ ಆಜಿ ಆಗಿದ್ದಾಳೆ). ನಾನು ಒಪ್ಪಲಿಲ್ಲ. ಎಪ್ಪತ್ತೈದು ದಾಟಿದ ಜೀವ, ತನ್ನ ನೇಮವನ್ನು ಯಾರ ಮೇಲೂ ಹೇರದೆ ಇದ್ದವಳು. ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಊಟದ ಲೆಕ್ಕ ತಿದ್ದುವುದು ನನ್ನ ಪ್ರಕಾರ ಫೋರ್ಜರಿ.

ನೇರವಾಗಿ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: ‘ನಂದು ಮೊದಲ ಆಗ್ಲಿ. ಆಮ್ಯಾಲ ನಿಮ್ದು ಇಡ್ರಿ. ಮರುವಾರ ನನ್ನದು ಇಡೂಕಿಂತ ಮೊದಲ ಒರಿಸಿ, ಖಾಲಿ ಒಂದ್ಸಲ ಕಾಸ್ರಿ. ಬೆಂಕಿಗೆ ಮೈಲಿಗಿ ಇಲ್ಲ.’

ಇಷ್ಟು ಸಾಕಾಯಿತು. ತುಳಶೀಬಾಗಿಗೆ ಹೋಗಿ ಆರಾರು ಗುಳಿಯ ಎರಡು ಟ್ರೇ ತಂದೆ. ಅಲ್ಲಿ ಪಾತ್ರೆಗೆ ಹೆಸರು ಕೊರೆದುಕೊಡುವವನು ಇರುತ್ತಾನಲ್ಲ, ಅವನಿಗೆ ಒಂದು ಟ್ರೇಯ ಅಂಚು ತೋರಿಸಿ ‘ಅವ್ವ ಅಂತ ಬರಿ’ ಅಂದೆ. ದೇವನಾಗರಿಯಲ್ಲಿ ‘ಅವ್ವಾ’ ಎಂದು ದೀರ್ಘ ಕೊಟ್ಟು ಕೊರೆದ, ಯಾರನ್ನೋ ಕೂಗಿ ಕರೆದ ಹಾಗೆ. ಇರಲಿ ಎಂದು ತಂದೆ. ಒಂದು ದೊಡ್ಡ ಕೀಶ್ ಮಾಡಿ ಹೋಳು ಮಾಡುವ ಬದಲು ಪುಟಾಣಿಗಳನ್ನೇ ಮಾಡುವುದು ಏಕೆಂದು ಈಗ ತಿಳಿಯಿತಲ್ಲ? ಬಟ್ಟಲು ಒಂದೇ ಹಿಟ್ಟಿನದು, ಒಳಗಿನದು ಅವರವರದು.

ಹಿಟ್ಟು ಹೇಳುತ್ತೇನೆ. ಹನ್ನೆರಡಕ್ಕೆ 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಗಟ್ಟಿ ಬೆಣ್ಣೆ, ಸಣ್ಣ ಚೌಕ ಮಾಡಿ ಬೆರಳ ತುದಿಯಲ್ಲಿ ಮೈದಾಕ್ಕೆ ಉಜ್ಜಬೇಕು. ಶಂಕರಪಾಳಿಗೆ ಬಿಸಿ ತುಪ್ಪದ ಮೋಹನ ಹಾಕಿ ರೂಢಿಯಿದ್ದ ಅವ್ವನಿಗೆ ತಣ್ಣಗಿನ ಬೆಣ್ಣೆ ವಿಚಿತ್ರವೆನಿಸಿತು. ಆದರೆ ಹದದ ಪರೀಕ್ಷೆ ಎರಡಕ್ಕೂ ಒಂದೇ: ‘ಮುಷ್ಟಿ ಹಿಡದ್ರ ಉಂಡಿ ನಿಲ್ಬೇಕು, ಬಿಟ್ರ ಉದುರ್ಬೇಕು.’ ಅಲ್ಲಿಂದ ಮುಂದೆ ಹಿಟ್ಟಿನ ಖಾತೆ ಅವ್ವನದೇ ಆಯಿತು. ಆಮೇಲೆ ಮೂರು ನಾಲ್ಕು ಚಮಚ ಐಸ್ ನೀರು ಚಿಮುಕಿಸಿ ಒಟ್ಟು ಮಾಡುವುದು, ಚಪಾತಿ ಹಿಟ್ಟಿನ ಹಾಗೆ ನಾದಬಾರದು. ನಾದಿದಷ್ಟೂ ಅಂಟು ಬಂದು ಓವನ್ನಿನಲ್ಲಿ ಗೋಡೆ ಕೆಳಗೆ ಕುಸಿಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಲೇಬೇಕು. ಏಪ್ರಿಲ್-ಮೇ ತಿಂಗಳ ಪುಣೆಯಲ್ಲಿ ಲಟ್ಟಿಸುವುದೂ ಫ್ಯಾನಿನ ಕೆಳಗೆ, ಬೇಗ ಬೇಗ, ಇಲ್ಲವಾದರೆ ಬೆಣ್ಣೆ ಕರಗಿ ಲಟ್ಟಣಿಗೆಗೆ ಅಂಟುತ್ತದೆ. ವಾಟಗದಿಂದ ದುಂಡಗೆ ಒತ್ತಿ, ಗುಳಿಯಲ್ಲಿ ಕೂರಿಸಿ, ಫೋರ್ಕಿನಿಂದ ಚುಚ್ಚಿ, ತುಂಬು ಹಾಕುವ ಮೊದಲೇ 190 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ದೊಡ್ಡ ಕೀಶಾದರೆ ಇದರ ಮೇಲೆ ಕಾಗದ ಹಾಸಿ ರಾಜ್ಮಾ ಕಾಳಿನ ಭಾರ ಇಡಬೇಕು. ಪುಟಾಣಿಗಳಿಗೆ ಆ ಉಪಚಾರ ಬೇಡ.

ಮೊಟ್ಟೆಯ ಆರಕ್ಕೆ ಎರಡು ಮೊಟ್ಟೆ, 100 ಮಿಲಿ ಹಾಲು, 50 ಮಿಲಿ ಕ್ರೀಮ್. ಅಂಗಡಿಯ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ನೂರಕ್ಕೆ 25, ಅದು ಧಾರಾಳ ಸಾಕು. ಉಪ್ಪು, ಕಾಳುಮೆಣಸು, ತುರಿದ ಚೀಸ್. ಅಸಲಿ ಲೊರೇನ್ ಕೀಶಿನಲ್ಲಿ ಚೀಸೇ ಇರಲಿಲ್ಲವಂತೆ. ಮೊಟ್ಟೆ, ಕ್ರೀಮ್, ಹಂದಿಮಾಂಸದ ತುಣುಕು ಅಷ್ಟೆ. ಮಾಂಸದ ಜಾಗಕ್ಕೆ ನಮ್ಮಲ್ಲಿ ಪಾಲಕ್, ಈರುಳ್ಳಿ, ಮೆಕ್ಕೆಜೋಳದ ಕಾಳು, ಅಣಬೆ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಸಬ್ಬಸಗಿ ಸೊಪ್ಪು. ಇಲ್ಲಿಯವರು ಶೇಪು ಅಂತಾರೆ, ಹೆಸರು ಹೇಳಿದರೆ ಮೂಗು ಮುರಿಯುವವರು ಬಹಳ. ಕೀಶಿನಲ್ಲಿ ಹಾಕಿ ಕೊಟ್ಟರೆ ಯಾವ ಹರ್ಬ್ ಇದು ಅಂತ ಕೇಳುತ್ತಾರೆ! ಯಾವ ಸೊಪ್ಪೇ ಆಗಲಿ ಬಾಣಲೆಯಲ್ಲಿ ನೀರು ಆರುವವರೆಗೆ ಹುರಿದೇ ಹಾಕಬೇಕು. 180 ಡಿಗ್ರಿಯಲ್ಲಿ ಹದಿನೆಂಟೋ ಇಪ್ಪತ್ತೋ ನಿಮಿಷ. ಟ್ರೇ ಅಲ್ಲಾಡಿಸಿದರೆ ನಡುವಿನ ಭಾಗ ಇನ್ನೂ ಚೂರು ನಡುಗುತ್ತಿರಬೇಕು, ಆಗಲೇ ತೆಗೆಯಬೇಕು. ಪೂರ್ತಿ ಬಿಗಿಯಾಗಲಿ ಅಂತ ಬಿಟ್ಟರೆ ಆ ಬಲೆ ಮುದುಡಿ ನೀರು ಬಿಡುತ್ತದೆ. ಗಿಣ್ಣಕ್ಕೂ ಅದೇ ಕಾಯಿದೆ.

ಅವ್ವನ ಆರಕ್ಕೆ ಜುಣಕ. ಹೌದು, ನಮ್ಮ ಜುಣಕವೇ. ಅರ್ಧ ಬಟ್ಟಲು ಕಡಲೆಹಿಟ್ಟಿಗೆ ಒಂದೂವರೆ ಬಟ್ಟಲು ಹುಳಿ ಮಜ್ಜಿಗೆ ಗಂಟಿಲ್ಲದಂತೆ ಕಲಸಿ, ಸಾಸಿವೆ, ಇಂಗು, ಹಸಿಮೆಣಸು, ಬೆಳ್ಳುಳ್ಳಿಯ ಒಗ್ಗರಣೆಗೆ ಸುರಿದು, ಪುಣೆಯವರ ಪಿಠಲೆಯಷ್ಟು ಗಟ್ಟಿಯಾಗುವ ತನಕ ತಿರುವಬೇಕು. ಇದರಲ್ಲೇ ಸ್ವಲ್ಪ ಚೀಸ್ ತುರಿ. ಚೀಸಿಗೆ ಹಾಲು ಒಡೆಯಲು ಕೆಲವರು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಅದಕ್ಕೇ ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡಿಯೇ ತರುತ್ತೇನೆ. ಅಂದ ಹಾಗೆ ನಮ್ಮ ಸರ್ಕಾರದ ನಿಯಮದಲ್ಲಿ ಮೊಟ್ಟೆ ಹಾಕಿದ್ದಕ್ಕೆ ಹಸಿರು ಚುಕ್ಕಿ ಸಿಗುವುದಿಲ್ಲ. ಈ ವಿಷಯದಲ್ಲಿ ಸರ್ಕಾರವೂ ಅವ್ವನೂ ಒಂದೇ ಪಕ್ಷ. ಬಿಸಿಯಿದ್ದಾಗಲೇ ಬಟ್ಟಲುಗಳಿಗೆ ತುಂಬಿ ಓವನ್ನಿಗಿಟ್ಟರೆ ಮೇಲೆ ಕೆಂಪಗೆ ಕೆನೆ ಕಟ್ಟಿ, ಕೊಯ್ದರೆ ಜುಣಕದ ವಡಿಯಂತೆ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಮೊದಲು ಖಾಲಿಯಾಗುತ್ತಿದ್ದದ್ದು ಇದೇ ಟ್ರೇ. ತತ್ತಿ ಇಲ್ಲದಿದ್ದರೆ ತಿಂಡಿಯೇ ಅಲ್ಲ ಅಂದವನು ಆಜಿಯ ತಟ್ಟೆಗೆ ಕೈ ಹಾಕುತ್ತಿದ್ದ.

ಇನ್ನು ಶೇಂಗಾ ಚಟ್ನಿ. ಕೀಶಿನ ದೊಡ್ಡ ಕಾಯಿಲೆ ಎಂದರೆ ತಳ ಹಸಿಹಸಿ ಉಳಿಯುವುದು. ಒಮ್ಮೆ ಇವಳು ಟ್ರೇ ನೋಡುತ್ತಾ ನಿಂತವಳು, ಚೀಲದಿಂದ ಸೊಲ್ಲಾಪುರದ ಚಟ್ನಿ ತೆಗೆದು ಒಂದೊಂದು ಬಟ್ಟಲಿನ ತಳಕ್ಕೆ ಅರ್ಧ ಚಮಚ ಉದುರಿಸಿದಳು. ಚಟ್ನಿ ಪುಡಿ ಪಸೆ ಹೀರಿಕೊಂಡಿತು, ತಳ ಗರಿಗರಿ ಉಳಿಯಿತು, ತಿನ್ನುವಾಗ ಕಡೆಯಲ್ಲಿ ಒಂದು ಬೆಳ್ಳುಳ್ಳಿ ಖಾರ. ಎದುರು ಮನೆಯ ಕಾಕೂ ರುಚಿ ನೋಡಿ, ಇದನ್ನೇ ನೀವು ಆಪ್ಪೆ ಪಾತ್ರದಲ್ಲಿ ಗ್ಯಾಸಿನ ಮೇಲೆ ಮಾಡಬಹುದಲ್ಲ ಅಂದರು. ಆಪ್ಪೆ ಪಾತ್ರ ಅಂದರೆ ನಮ್ಮ ಪಡ್ಡಿನ ಹಂಚು. ಆಗುತ್ತದೆ, ಆದರೆ ಗೋಡೆ ಇರುವುದಿಲ್ಲ. ಗೋಡೆ ಇಲ್ಲದಿದ್ದರೆ ಅದು ಪಡ್ಡೇ, ಕೀಶ್ ಅಲ್ಲ.

ಖರ್ಚು ಬರೆದಿಟ್ಟಿದ್ದೇನೆ. ಆಗಿನ ದರದಲ್ಲಿ ಮೈದಾ, ಬೆಣ್ಣೆ, ಮೊಟ್ಟೆ, ಕಡಲೆಹಿಟ್ಟು, ಚೀಸ್, ಕರೆಂಟು ಎಲ್ಲ ಸೇರಿ ಹನ್ನೆರಡಕ್ಕೆ ಸುಮಾರು 140 ರೂಪಾಯಿ. ಒಂದಕ್ಕೆ 12ಕ್ಕೂ ಕಡಿಮೆ. ಕೆಫೆಯಲ್ಲಿ 80.

2017ರ ಮಳೆಗಾಲದ ಒಂದು ಭಾನುವಾರ ಗಾಡಿ ಬಹಳ ಲೇಟಾಗಿ ಬಂತು. ಇವಳು ಮನೆಗೆ ಬಂದಾಗ ಹನ್ನೆರಡೂವರೆ. ಒದ್ದೆ ಕೊಡೆ ಮೂಲೆಗಿಟ್ಟು, ಚೀಲದಿಂದ ಚಟ್ನಿಯ ಜೊತೆ ಒಂದು ಕವರನ್ನೂ ತೆಗೆದು ಟೇಬಲ್ಲಿನ ಮೇಲಿಟ್ಟಳು. ರಿವರ್ಶನ್ ಅರ್ಜಿ. ಪ್ರಮೋಶನ್ ಬಿಟ್ಟುಕೊಡುತ್ತೇನೆ, ಮತ್ತೆ ಕ್ಲಾರ್ಕ್ ಮಾಡಿ ಪುಣೆಗೆ ಹಾಕಿ ಅಂತ. ‘ಸಾಕಾಗೇದ್ರೀ. ಮನಿಗೆ ಬಂದ್ರ ಅತಿಥಿ ಬಂದಂಗ ಅನಸ್ತೈತಿ. ಬರೋದು, ತಿನ್ನೋದು, ಹೋಗೋದು’ ಅಂದಳು. ನಾನು ಏನು ಹೇಳಿದರೂ ಕಷ್ಟ. ಬಿಡು ಅಂದರೆ ಇಪ್ಪತ್ತೊಂದು ವರ್ಷ ಕಾದು ಪಡೆದದ್ದು ಹೋಗುತ್ತದೆ. ಬೇಡ ಅಂದರೆ ಹತ್ತೂವರೆಗೆ ಬಂದು ಆರಕ್ಕೆ ಹೋಗುವ ಕಷ್ಟ ಪಡುವವಳು ಅವಳು, ನಾನಲ್ಲ. ಮಗ ಫೋನ್ ಮಗುಚಿಟ್ಟು ಸುಮ್ಮನೆ ಕೂತ.

ಅವ್ವ ತನ್ನ ಟ್ರೇಯಿಂದ ಎರಡು ತೆಗೆದು ಸೊಸೆಯ ತಟ್ಟೆಗೆ ಹಾಕಿದಳು. ‘ನಿಮ್ಮ ಮಾವ ಸಾಲಿ ಮಾಸ್ತರ. ಅವರ ಬದ್ಲಿ ಹಿಂದ ನಾ ಏಳ ಊರ ತಿರಗೀನಿ. ಒಂದ ಊರಾಗೂ ಯಾರೂ ನನ್ನ ಕೇಳ್ಲಿಲ್ಲ, ಬರ್ತೀ ಏನಂತ. ನಿಂದು ಬದ್ಲಿ ಆದ್ರ ಇಂವ ಒಲಿ ಮುಂದ ನಿಂತಾನ, ನಿಲ್ಲಲಿ. ಕೈ ಏನ್ ಸವಿಯೂದಿಲ್ಲ. ಅದನ್ನ ಒಳಗ ಇಡು, ಆರತಾವು, ತಿನ್ನು.’

ಆ ದಿನ ಮತ್ತೆ ಆ ಮಾತು ಬರಲಿಲ್ಲ. ಸಂಜೆ ಹೊರಡುವಾಗ ಕವರನ್ನು ಅವಳು ಚೀಲಕ್ಕೆ ಹಾಕಿಕೊಳ್ಳಲಿಲ್ಲ, ನಾನೂ ನೆನಪಿಸಲಿಲ್ಲ. ಎಷ್ಟೋ ದಿನ ಫ್ರಿಜ್ಜಿನ ಮೇಲೆ ಕರೆಂಟ್ ಬಿಲ್ಲುಗಳ ಜೊತೆ ಬಿದ್ದಿತ್ತು, ಒಂದು ದೀಪಾವಳಿ ಸ್ವಚ್ಛತೆಯಲ್ಲಿ ಹೋಯಿತು. 2019ರಲ್ಲಿ ಸರದಿ ಮುಗಿದು ಆಫೀಸರ್ ಆಗಿಯೇ ಪುಣೆಗೆ ಬಂದಳು. ಅವ್ವನಿಗೀಗ ಎಂಬತ್ತು ದಾಟಿದೆ, ಬೆರಳಿನ ಸಂಧಿವಾತದಿಂದ ಬೆಣ್ಣೆ ಉಜ್ಜಲು ಆಗುವುದಿಲ್ಲ. ಕುರ್ಚಿ ಹಾಕಿಕೊಂಡು ಕೂತು ಮುಷ್ಟಿ ಪರೀಕ್ಷೆ ಮಾತ್ರ ತಾನೇ ಮಾಡುತ್ತಾಳೆ. ಗ್ಯಾಲರಿಯ ಸ್ಟೋವು ಇದ್ದಲ್ಲೇ ಇದೆ, ಓವನ್ನಿನ ಪಾಳಿಯೂ ಹಾಗೇ ಇದೆ: ಮೊದಲು ಅವ್ವನದು, ಆಮೇಲೆ ನಮ್ಮದು.

ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು. ಬಿಸಿಯಿದ್ದಾಗ ಡಬ್ಬಿಗೆ ಹಾಕಿದರೆ ಹಬೆಗೆ ಗೋಡೆ ಮೆತ್ತಗಾಗುತ್ತದೆ, ಪೂರ್ತಿ ಆರಿಸಿ, ತಳಕ್ಕೆ ಕಾಗದ ಹಾಕಿ ಇಡಬೇಕು. ಮೊಟ್ಟೆಯದನ್ನು ಬಹಳ ಹೊತ್ತು ಹೊರಗಿಡುವ ಹಾಗಿಲ್ಲ, ಪ್ರಯಾಣಕ್ಕೆ ಜುಣಕದ್ದೇ ವಾಸಿ. ಮರುದಿನ ತಿನ್ನುವುದಾದರೆ ಮೈಕ್ರೋವೇವ್ ಬೇಡ, ಚರ್ಮದ ಹಾಗಾಗುತ್ತದೆ. ಮುಚ್ಚಳ ಹಾಕದೆ ತವೆಯ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಸಾಕು. ಇದೆಲ್ಲ ಇವಳಿಗೆ ಹೇಳಿಯೇ ಆರು ಡಬ್ಬಿಗೆ ಹಾಕಿ ಕಳಿಸುತ್ತಿದ್ದೆ, ಸೋಮವಾರದ ತಿಂಡಿಗೆ ಆಗುತ್ತದಲ್ಲ ಅಂತ. ಸೋಮವಾರ ಫೋನಿನಲ್ಲಿ ಕೇಳಿದರೆ ಒಂದೇ ಉತ್ತರ: ‘ಎಲ್ಲಿ ಸೋಮವಾರ್ರೀ, ದೌಂಡ ದಾಟೂದರಾಗ ಬಾಜೂ ಸೀಟಿನವರ ಜೋಡಿ ಖಾಲಿ ಆದವು.’